ನಮ್ಮನೆ ಫ್ಲಶ್ ಟ್ಯಾಂಕ್‌ಗೆ ನಿದ್ದೆ ಬರಲ್ಲ

ಈ ಸಲ ಬರೆಯಬೇಕು ಅಂದುಕೊಂಡಿದ್ದೇ ಬೇರೆ. ಆಫೀಸಿನ ಅಪ್ರೈಸಲ್ ಬಗ್ಗೆ ಅರ್ಧ ಬರೆದೂ ಇಟ್ಟಿದ್ದೆ. ಆದರೆ ಕಳೆದ ಮೂರು ವಾರ ನಮ್ಮನೆಯಲ್ಲಿ ನಡೆದದ್ದೆಲ್ಲ ಒಂದೇ ವಸ್ತುವಿನ ಸುತ್ತ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್. ತಿಂಡಿ ತಿನ್ನುತ್ತಾ ಫೋನ್ ನೋಡುತ್ತಿರುವವರು ಕ್ಷಮಿಸಿ, ಕೈ ತೊಳೆದುಕೊಂಡು ಬಂದು ಓದಿ.

ಡಿಸೆಂಬರ್ ಕೊನೆಯಲ್ಲಿ ಅಮ್ಮನ ಬಲ ಮಂಡಿಯ ಆಪರೇಷನ್ ಆಯಿತು. ಹಳೆ ಮಂಡಿ ತೆಗೆದು ಹೊಸದು ಕೂರಿಸಿದ್ದಾರೆ. ಊರಲ್ಲಿ, ಅಂದರೆ ಚಳ್ಳಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ, ಇರೋದು ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಹೊಸ ಮಂಡಿಗೆ ಅದು ಆಗುವುದಿಲ್ಲ. ಹಾಗಾಗಿ ಮೂರು ತಿಂಗಳು ಬೆಂಗಳೂರಲ್ಲಿ ನನ್ನ ಜೊತೆ ಇರಲಿ, ಅಷ್ಟರಲ್ಲಿ ಅಪ್ಪ ಅಲ್ಲಿ ಒಂದು ಕಮೋಡ್ ಹಾಕಿಸಲಿ ಅಂತ ತೀರ್ಮಾನ ಆಯಿತು. ಜನವರಿ ಒಂದರಿಂದ ಅಮ್ಮ, ಅಮ್ಮನ ವಾಕರ್, ಅಮ್ಮನ ಮಾತ್ರೆ ಡಬ್ಬಿ ನನ್ನ ಬಾಡಿಗೆ ಮನೆಯಲ್ಲಿ.

ಆ ಟ್ಯಾಂಕ್ ಆಗಲೇ ಸರಿ ಇರಲಿಲ್ಲ. ಯಾರೂ ಬಾತ್‌ರೂಮಿಗೆ ಹೋಗಿರಲ್ಲ, ಯಾರೂ ಗುಂಡಿ ಒತ್ತಿರಲ್ಲ, ಆದರೂ ಇದ್ದಕ್ಕಿದ್ದ ಹಾಗೆ ‘ಸುಯ್ಯ್’ ಅಂತ ನೀರು ತುಂಬುವ ಸದ್ದು. ಅರ್ಧ ನಿಮಿಷ ತುಂಬಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಸುಯ್ಯ್. ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆಫೀಸಲ್ಲಿ ಸಣ್ಣಪುಟ್ಟ ಬಗ್‌ಗಳನ್ನ ‘ಆಮೇಲೆ ನೋಡೋಣ’ ಅಂತ ಒಂದು ಪಟ್ಟಿಗೆ ತಳ್ಳುತ್ತೀವಲ್ಲ, ಹಾಗೆ ಇದನ್ನೂ ತಳ್ಳಿದ್ದೆ. ಹೆಡ್‌ಫೋನ್ ಹಾಕಿಕೊಂಡವಳಿಗೆ ಟ್ಯಾಂಕ್ ಏನು, ಪಕ್ಕದ ಮನೆ ಮಿಕ್ಸಿಯೂ ಕೇಳಲ್ಲ.

ಫೆಬ್ರವರಿ ಮೊದಲ ವಾರ ಅಸೋಸಿಯೇಷನ್‌ನಿಂದ ನೀರಿನ ಬಿಲ್ ಬಂತು. ನಮ್ಮ ಅಪಾರ್ಟ್‌ಮೆಂಟಲ್ಲಿ ಪ್ರತಿ ಮನೆಗೂ ಮೀಟರ್ ಇದೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎರಡೂ ಸೇರಿಸಿ ಲೀಟರಿಗೆ 14 ಪೈಸೆ ಲೆಕ್ಕ. ನಾನೊಬ್ಬಳೇ ಇದ್ದಾಗ ತಿಂಗಳಿಗೆ 620 ರೂಪಾಯಿ ಆಸುಪಾಸು ಬರುತ್ತಿತ್ತು. ಜನವರಿಯದ್ದು 1,740.

‘ಅಯ್ಯೋ, ಏನಮ್ಮಾ ಇದು, ನೀರಿನ ಬಿಲ್ ಎರಡೂವರೆ ಪಟ್ಟು ಮೇಲೆ ಬಂದಿದೆ!’ ಅಂದೆ. ಅಷ್ಟೇ ಅಂದದ್ದು. ಅಂದು ಲ್ಯಾಪ್‌ಟಾಪ್ ತೆಗೆದೆ, ಮರೆತೆ.

ಅಮ್ಮ ಮರೆಯಲಿಲ್ಲ.

ಅದಾದ ಮೇಲೆ ಮನೆಯಲ್ಲಿ ಕೆಲವು ಬದಲಾವಣೆ ಆದವು. ನಾನು ಗಮನಿಸಿದ್ದು ಸ್ವಲ್ಪ, ಅರ್ಥ ಮಾಡಿಕೊಂಡದ್ದು ಏನೂ ಇಲ್ಲ. ಅಮ್ಮ ದಿನಾ ಸ್ನಾನ ಮಾಡುವವಳು ‘ಚಳಿ ಕಣೆ’ ಅಂತ ದಿನ ಬಿಟ್ಟು ದಿನ ಶುರು ಮಾಡಿದಳು. ಫೆಬ್ರವರಿಯ ಬೆಂಗಳೂರಲ್ಲಿ ಎಲ್ಲಿಯ ಚಳಿ? ತನ್ನ ಸೀರೆ ಮೆಷಿನ್‌ಗೆ ಹಾಕಬೇಡ ಅಂದಳು. ರಾತ್ರಿ ಊಟದ ಜೊತೆ ನೀರು ಕುಡಿಯುವುದೂ ಕಮ್ಮಿ ಆಯಿತು. ಅಪ್ಪನ ಜೊತೆ ಫೋನಲ್ಲಿ ‘ಶಿವರಾತ್ರಿ ಹೊತ್ತಿಗೆ ಬಂದು ಕರ್ಕೊಂಡು ಹೋಗ್ರಿ, ಎಷ್ಟು ದಿನಾಂತ ಇವಳಿಗೆ ಹೊರೆ ಆಗಾದು’ ಅಂದದ್ದು ಕಿವಿಗೆ ಬಿತ್ತು. ಬೇಜಾರಾಗಿದೆ, ಊರಿನ ನೆನಪು, ಅಂತ ನಾನೇ ಕಾರಣ ಕೊಟ್ಟುಕೊಂಡೆ.

ಇದರ ನಡುವೆ ಟ್ಯಾಂಕ್ ಹೊಸ ನಾಟಕ ಶುರು ಮಾಡಿತು. ಬೆಳಿಗ್ಗೆ ಎದ್ದು ಹೋಗಿ ಗುಂಡಿ ಒತ್ತಿದರೆ ಒಂದು ಹನಿ ನೀರಿಲ್ಲ, ಟ್ಯಾಂಕ್ ಒಣಕಲು. ಒಂಬತ್ತು ಗಂಟೆಗೆ ನೋಡಿದರೆ ತುಂಬಿದೆ. ಹಗಲೆಲ್ಲ ಸುಯ್ಯ್ ಸುಯ್ಯ್. ಮಾರನೇ ದಿನ ಬೆಳಿಗ್ಗೆ ಮತ್ತೆ ಖಾಲಿ.

ಪ್ಲಂಬರನ್ನ ಕರೆಸಿದೆ. ‘ರಾತ್ರಿ ತುಂಬ್ತಾನೇ ಇರುತ್ತೆ, ಬೆಳಿಗ್ಗೆ ನೀರೇ ಇರಲ್ಲ’ ಅಂದೆ. ಅವರು ಮುಚ್ಚಳ ತೆಗೆದು ನೋಡಿ, ‘ಒಳಗೆ ನೀರು ಬಿಡೋ ವಾಲ್ವ್ ಹೋಗಿದೆ ಮೇಡಂ, ಒಂದೊಂದ್ಸಲ ತಗೊಳುತ್ತೆ, ಒಂದೊಂದ್ಸಲ ತಗೊಳಲ್ಲ’ ಅಂದರು. ಹೊಸದು ಹಾಕಿದರು. ಸಾಮಾನು, ಕೂಲಿ ಸೇರಿ 850 ರೂಪಾಯಿ. ಅವರು ಲಿಫ್ಟ್ ಹತ್ತುವಷ್ಟರಲ್ಲಿ ಬಾತ್‌ರೂಮಿಂದ ಸುಯ್ಯ್ ಅಂತ ಕೇಳಿಸಿತು. ಅವರನ್ನ ನಾನು ಬೈಯಲ್ಲ. ನಾನು ಕೊಟ್ಟ ವರದಿ ಕೇಳಿದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆ ವರದಿಯಲ್ಲಿ ಅರ್ಧ ಸಂಗತಿ ಇರಲೇ ಇಲ್ಲ, ಮತ್ತು ಆ ಅರ್ಧ ಗೊತ್ತಿದ್ದವಳು ಪಕ್ಕದ ಕುರ್ಚಿಯಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದಳು.

ಅದು ಗೊತ್ತಾಗಿದ್ದು ಒಂದು ಗುರುವಾರ ರಾತ್ರಿ, ಎರಡೂ ಮುಕ್ಕಾಲರ ಹೊತ್ತಿಗೆ. ಅವತ್ತು ನಮ್ಮ ಟೀಮಿನದ್ದು ಪ್ರೊಡಕ್ಷನ್ ರಿಲೀಸ್ ಇತ್ತು, ಎದ್ದಿದ್ದೆ. ಬಾತ್‌ರೂಮಿಂದ ದಡಾರ್ ಅಂತ ಸದ್ದು. ಓಡಿದೆ. ವಾಕರ್ ಅಡ್ಡ ಬಿದ್ದಿದೆ, ಬಕೆಟ್ ಉರುಳಿದೆ. ಅಮ್ಮ ಒಂದು ಕೈಯಲ್ಲಿ ವಾಶ್ ಬೇಸಿನ್ ಅಂಚು, ಇನ್ನೊಂದು ಕೈಯಲ್ಲಿ ಟವೆಲ್ ಹಾಕುವ ಕಂಬಿ ಹಿಡಿದು ಅರ್ಧ ಬಗ್ಗಿದ ಹಾಗೇ ನಿಂತಿದ್ದಾಳೆ. ಮುಖ ಬಿಳುಚಿಕೊಂಡಿದೆ.

‘ಏನಮ್ಮಾ ಇದು, ಕರೀಬಾರ್ದಾ?’

‘ಏನಿಲ್ಲ ಕಣೆ. ನಲ್ಲಿ ಬಂದ್ ಮಾಡಾಕೆ ಬಂದಿದ್ದೆ.’

‘ಯಾವ ನಲ್ಲಿ?’

ಅವಳು ಕಣ್ಣಲ್ಲೇ ತೋರಿಸಿದಳು. ಕಮೋಡ್ ಪಕ್ಕ, ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ ಇರುತ್ತಲ್ಲ ಸಣ್ಣ ನಲ್ಲಿ, ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್. ಹತ್ತು ಹನ್ನೆರಡು ದಿನದಿಂದ ಪ್ರತಿ ರಾತ್ರಿ ನಾನು ಮಲಗಿದ ಮೇಲೆ ವಾಕರ್ ಹಿಡಿದು ಬಂದು, ‘ಬಗ್ಗಬೇಡಿ’ ಅಂತ ಫಿಸಿಯೋಥೆರಪಿಯವರು ನೂರು ಸಲ ಹೇಳಿದ್ದನ್ನ ಬಿಟ್ಟು, ಬಗ್ಗಿ ಅದನ್ನ ತಿರುಗಿಸಿ ಹೋಗುತ್ತಿದ್ದಳು. ಬೆಳಿಗ್ಗೆ ನಾನು ಏಳುವ ಮೊದಲು ಬಂದು ಮತ್ತೆ ಬಿಡುತ್ತಿದ್ದಳು. ಅವಳಿಗೆ ಎಚ್ಚರ ತಡವಾದ ದಿನ ನನಗೆ ಟ್ಯಾಂಕ್ ಖಾಲಿ ಸಿಗುತ್ತಿತ್ತು.

‘ನಿದ್ದೆ ಬರಾದಿಲ್ಲ ಕಣೆ. ರಾತ್ರಿ ಪೂರ್ತಿ ನೀರು ಹರೀತಾ ಐತೆ ಅಂತ ಗೊತ್ತಿದ್ದೂ ಹೆಂಗೆ ಮಲಗಾದು? ಮೊದ್ಲೇ ನಾ ಬಂದು ಬಿಲ್ಲು ಹೆಚ್ಚಾಗೈತೆ.’

ನಾನು ಏನೂ ಮಾತಾಡಲಿಲ್ಲ. ಅವಳನ್ನ ಕೂರಿಸಿ, ಮಂಡಿ ನೋಡಿ, ಐಸ್ ಇಟ್ಟೆ. ಮಾರನೇ ದಿನ ಎಕ್ಸ್‌ರೇ ತೆಗೆಸಿದೆವು. ಮಂಡಿಗೆ ಏನೂ ಆಗಿಲ್ಲ, ಅಂಗೈ ಉಳುಕಿದೆ ಅಷ್ಟೇ ಅಂದರು ಡಾಕ್ಟರ್. ರಜೆ ಹಾಕಿದ್ದೆ. ಮ್ಯಾನೇಜರಿಗೆ ಕಾರಣ ಬರೆಯುವಾಗ ‘ಫ್ಲಶ್ ಟ್ಯಾಂಕ್’ ಅಂತ ಬರೆಯಲು ಕೈ ಬರದೆ ‘ವೈಯಕ್ತಿಕ’ ಅಂತ ಬರೆದೆ.

ಶನಿವಾರ ಬೆಳಿಗ್ಗೆ ಆ ಟ್ಯಾಂಕಿನ ಮುಚ್ಚಳ ನಾನೇ ತೆಗೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಇಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಅದನ್ನ ಕಲಿಸುವಾಗ ನೀರಿನ ತೊಟ್ಟಿ, ಅದರಲ್ಲಿ ತೇಲುವ ಚೆಂಡಿನ ಚಿತ್ರ ಬರದೇ ಇರುವುದಿಲ್ಲ. ನೀರು ಏರಿದರೆ ಚೆಂಡು ಏರುತ್ತದೆ, ಏರಿದ ಚೆಂಡು ನೀರಿನ ಬಾಯಿ ಮುಚ್ಚುತ್ತದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ತನ್ನ ನೀರಿನ ಗಡಿಯಾರದಲ್ಲಿ ಇಂಥ ತೇಲುವ ಉಪಾಯ ಬಳಸಿದ್ದ. ಆ ಚಿತ್ರ ಬಿಡಿಸಿ ನಾನು ಮಾರ್ಕ್ಸ್ ತೆಗೆದುಕೊಂಡಿದ್ದೇನೆ. ಅದೇ ವಸ್ತು ನನ್ನ ಬೆನ್ನ ಹಿಂದೆಯೇ ದಿನಾ ಇತ್ತು ಅಂತ ಮಾತ್ರ ಹೊಳೆದಿರಲಿಲ್ಲ.

ಮೇಲೆ ಎರಡು ಗುಂಡಿಯ ಟ್ಯಾಂಕ್ ನಿಮ್ಮದೂ ಆಗಿದ್ದರೆ ಒಳಗೆ ಇರುವುದು ಎರಡೇ ಎರಡು ವ್ಯವಸ್ಥೆ. ಒಂದು ಪಕ್ಕದಲ್ಲಿ ನೀರು ಒಳಗೆ ಬಿಡುವ ವಾಲ್ವ್, ಅದಕ್ಕೆ ಅಂಟಿಕೊಂಡ ಫ್ಲೋಟ್. ಮಧ್ಯದಲ್ಲಿ ಒಂದು ಗೋಪುರ. ಗುಂಡಿ ಒತ್ತಿದಾಗ ಆ ಗೋಪುರ ಮೇಲೆದ್ದು ನೀರನ್ನ ಕಮೋಡಿಗೆ ಬಿಡುತ್ತದೆ, ಆಮೇಲೆ ಕೂತುಕೊಂಡು ತೂತು ಮುಚ್ಚುತ್ತದೆ. ಮುಚ್ಚುವ ಜಾಗದಲ್ಲಿ ಒಂದು ರಬ್ಬರ್ ವಾಷರ್. ಗೋಪುರದ ನಡುವೆ ಮೇಲ್ಗಡೆ ಬಾಯಿ ತೆರೆದ ಒಂದು ಕೊಳವೆ ಇದೆ. ಫ್ಲೋಟ್ ಕೈಕೊಟ್ಟರೆ ಹೆಚ್ಚಾದ ನೀರು ಬಾತ್‌ರೂಮ್ ತುಂಬದೆ ಆ ಕೊಳವೆಯಿಂದ ಕಮೋಡಿಗೆ ಇಳಿಯಲಿ ಅಂತ.

ಹಾಗಾಗಿ ‘ಟ್ಯಾಂಕ್ ತುಂಬ್ತಾನೇ ಇದೆ’ ಅನ್ನುವ ಒಂದೇ ದೂರಿಗೆ ಎರಡು ಬೇರೆ ಬೇರೆ ಕಾಯಿಲೆ ಇರಬಹುದು. ನೀರು ಆ ಕೊಳವೆಯ ಬಾಯಿತನಕ ಬಂದು ಒಳಗೆ ಸುರಿಯುತ್ತಿದೆ ಅಂದರೆ ತಪ್ಪು ಒಳಗೆ ಬಿಡುವ ವಾಲ್ವ್ ಮತ್ತು ಫ್ಲೋಟಿನದ್ದು. ನೀರು ಕೊಳವೆಯ ಬಾಯಿಗಿಂತ ಕೆಳಗೇ ಇದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ತುಂಬುತ್ತದೆ ಅಂದರೆ ಒಳಗೆ ಬಿಡುವ ವಾಲ್ವ್ ಪಾಪ ಸರಿಯಾಗೇ ಇದೆ. ಕೆಳಗಿನ ವಾಷರ್ ಸೋರುತ್ತಿದೆ. ಮಟ್ಟ ಇಳಿಯುತ್ತದೆ, ಫ್ಲೋಟ್ ಇಳಿಯುತ್ತದೆ, ವಾಲ್ವ್ ತನ್ನ ಕರ್ತವ್ಯ ಮಾಡುತ್ತದೆ. ನಮ್ಮದು ಎರಡನೇದು. ಅಂದರೆ ನಾನು 850 ರೂಪಾಯಿ ಕೊಟ್ಟು ನಿಯತ್ತಾಗಿ ಕೆಲಸ ಮಾಡುತ್ತಿದ್ದವನನ್ನ ಕಿತ್ತು ಹಾಕಿಸಿದ್ದೆ. (ಅಪ್ರೈಸಲ್ ಬಗ್ಗೆ ಬರೆಯುತ್ತಿದ್ದೆ ಅಂದೆನಲ್ಲ, ಇದನ್ನ ಅದರಲ್ಲೂ ಬಳಸಬಹುದಿತ್ತು.)

ನಿಜ ಹೇಳಬೇಕೆಂದರೆ ಸಾಕ್ಷಿ ಮೊದಲೇ ಸಿಕ್ಕಿತ್ತು. ಅಮ್ಮ ನಲ್ಲಿ ಬಂದ್ ಮಾಡಿದ ರಾತ್ರಿ, ಯಾರೂ ಫ್ಲಶ್ ಮಾಡದೆ, ಬೆಳಿಗ್ಗೆಗೆ ಟ್ಯಾಂಕ್ ಖಾಲಿ ಆಗಿರುತ್ತಿತ್ತು. ಒಳಗೆ ಬರುವುದು ನಿಂತಿದ್ದರೂ ನೀರು ಹೋಯಿತು ಅಂದರೆ ತೂತು ಕೆಳಗೇ ಇರಬೇಕು. ಅಮ್ಮನಿಗೆ ಗೊತ್ತಿಲ್ಲದೆ ಅಮ್ಮ ದಿನಾ ರಾತ್ರಿ ಪರೀಕ್ಷೆ ಮಾಡುತ್ತಿದ್ದಳು. ಫಲಿತಾಂಶ ನನಗೆ ಬರುತ್ತಿತ್ತು. ಇಬ್ಬರೂ ಮಾತಾಡಿಕೊಳ್ಳಲಿಲ್ಲ.

ಆದರೂ ಖಚಿತ ಮಾಡಿಕೊಳ್ಳೋಣ ಅಂತ ಅಡುಗೆ ಮನೆಯಿಂದ ಕೇಸರಿ ಬಣ್ಣದ ಡಬ್ಬಿ ತಂದೆ. ಟ್ಯಾಂಕಿನ ನೀರಿಗೆ ಎರಡು ಚಿಟಿಕೆ ಹಾಕಿ, ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟರೆ, ವಾಷರ್ ಸೋರುತ್ತಿದ್ದಲ್ಲಿ ಕಮೋಡಿನಲ್ಲಿ ಬಣ್ಣ ಕಾಣುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಕೇಸರಿಬಾತಿಗೆ ಹಾಕಾ ಬಣ್ಣ ಅಲ್ಲೇನೆ ಅದು! ಥೂ. ಆ ಡಬ್ಬಿ ಇನ್ಮೇಲೆ ನನ್ನ ಅಡಿಗೆ ಮನೆಗೆ ಬರಕೂಡ್ದು.’

‘ನನ್ನ ಅಡಿಗೆ ಮನೆ’ ಅಂದಳು. ಅದನ್ನ ನಾನು ಗಮನಿಸಿದೆ. ಇಪ್ಪತ್ತು ನಿಮಿಷ ಕೂಡ ಬೇಕಾಗಲಿಲ್ಲ. ಏಳನೇ ನಿಮಿಷಕ್ಕೆ ಕಮೋಡಿನ ಒಳಗೋಡೆಯ ಮೇಲೆ ಕೇಸರಿ ಬಣ್ಣದ ಎಳೆಗಳು ಇಳಿಯತೊಡಗಿದವು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೆ ಅವತ್ತು ಬೇಕಿದ್ದದ್ದು ಬರೀ ರಿಪೇರಿ ಅಲ್ಲ, ಲೆಕ್ಕ. ಆಂಗಲ್ ಕಾಕ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಫೋನಲ್ಲಿ ಹತ್ತು ನಿಮಿಷ ಟೈಮರ್ ಇಟ್ಟೆ. ಮಟ್ಟ ಸರಿಯಾಗಿ ಎರಡು ಸೆಂಟಿಮೀಟರ್ ಇಳಿದಿತ್ತು. ಟ್ಯಾಂಕಿನ ಒಳಗಿನ ಉದ್ದ 45 ಸೆಂಟಿಮೀಟರ್, ಅಗಲ 15. ಹಾಗಾದರೆ ಹತ್ತು ನಿಮಿಷಕ್ಕೆ 1.35 ಲೀಟರ್. ಗಂಟೆಗೆ 8.1. ದಿನಕ್ಕೆ 194 ಲೀಟರ್. ಮೂವತ್ತು ದಿನಕ್ಕೆ 5,832 ಲೀಟರ್. ನಮ್ಮ ಗೇಟಿಗೆ ಬರುವ ಟ್ಯಾಂಕರ್ 6,000 ಲೀಟರಿನದ್ದು. ಅಂದರೆ ಒಂದು ಇಡೀ ಟ್ಯಾಂಕರ್ ನೀರು ಒಂದು ವಾಷರಿನ ಸಂದಿಯಲ್ಲಿ ಇಳಿದು, ಯಾರ ಕಣ್ಣಿಗೂ ಬೀಳದೆ, ನೇರ ಚರಂಡಿಗೆ. ನೆಲ ಒದ್ದೆಯಾಗಲ್ಲ, ಗೋಡೆಗೆ ತೇವ ಬರಲ್ಲ, ಹಾಗಾಗಿ ಇದು ಸೋರಿಕೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ.

ಅಮ್ಮನ ಮುಂದೆ ಪೇಪರ್ ಇಟ್ಟು ಕೂತೆ.

‘ನೋಡು. ಜನವರಿಯಲ್ಲಿ ಬಿಲ್ ಹೆಚ್ಚಾಗಿದ್ದು 1,120 ರೂಪಾಯಿ. ಲೀಟರಿಗೆ 14 ಪೈಸೆ ಅಂದ್ರೆ 8,000 ಲೀಟರ್. ಅದರಲ್ಲಿ 5,832 ಈ ಟ್ಯಾಂಕ್ ಕುಡಿದಿದೆ. ನಿನ್ನ ಲೆಕ್ಕಕ್ಕೆ ಉಳಿದಿದ್ದು ದಿನಕ್ಕೆ 72 ಲೀಟರ್.’

‘ಎಪ್ಪತ್ತೆರಡಾ? ಅಷ್ಟೊಂದಾ?’

‘ಅಮ್ಮಾ, ಊರುಗಳಿಗೆ ನೀರಿನ ಯೋಜನೆ ಮಾಡುವಾಗ ಸರ್ಕಾರದವರೇ ತಲೆಗೆ 135 ಲೀಟರ್ ಅಂತ ಇಟ್ಕೋತಾರೆ. ನೀನು ಅದರ ಅರ್ಧ.’

‘ನಿಂದೆಷ್ಟು?’

ಇದನ್ನ ಕೇಳುತ್ತಾಳೆ ಅಂತ ನಾನು ಯೋಚಿಸಿರಲಿಲ್ಲ. 620 ರೂಪಾಯಿಯನ್ನ 14 ಪೈಸೆಯಿಂದ ಭಾಗಿಸಿ, ಮೂವತ್ತರಿಂದ ಭಾಗಿಸಿದೆ. 148.

ಅಮ್ಮ ಪೇಪರ್ ನೋಡಿದಳು, ನನ್ನ ನೋಡಿದಳು. ‘ಆ ಮೇಲಿನ ಮಳೆ ನಲ್ಲಿ ಕೆಳಗೆ ನಿಂತ್ಕೊಂಡು ಆಫೀಸಿನವರ ಮಾತು ಕೇಳ್ತೀಯಲ್ಲ, ಅದ್ಕೇ’ ಅಂದಳು. ಶವರ್ ಆನ್ ಇಟ್ಟು ಸ್ಪೀಕರಿನಲ್ಲಿ ಮೀಟಿಂಗ್ ಹಾಕಿಕೊಳ್ಳುವುದು ನನ್ನ ಗುಟ್ಟು ಅಂದುಕೊಂಡಿದ್ದೆ.

ಆಮೇಲೆ ಅವಳು 194 ಲೀಟರ್ ಅಂದರೆ ಎಷ್ಟು ಕೊಡ ಅಂತ ಕೇಳಿದಳು. ಹನ್ನೆರಡು ಲೀಟರಿನ ಕೊಡ ಆದರೆ ಹದಿನಾರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಬೇಸಿಗೆಗೆ ಊರಿನ ಬಾವಿ ಬತ್ತಿದರೆ, ತೋಟದ ಬಾವಿಗೆ ಹೋಗಿ ದಿನಕ್ಕೆ ಎಂಟು ಕೊಡ ಹೊರುತ್ತಿದ್ದಳಂತೆ. ಇದನ್ನ ಅವಳು ಮೊದಲೂ ಹೇಳಿದ್ದಾಳೆ, ನಾನು ಮೊದಲೂ ಕೇಳಿದ್ದೇನೆ. ಎಂಟರ ಪಕ್ಕ ಹದಿನಾರು ಬರೆದಿಟ್ಟು ಕೇಳಿರಲಿಲ್ಲ ಅಷ್ಟೇ.

ಸರಿ, ರಿಪೇರಿ. ಆಂಗಲ್ ಕಾಕ್ ಬಂದ್ ಮಾಡಿ, ಫ್ಲಶ್ ಒತ್ತಿ ಟ್ಯಾಂಕ್ ಖಾಲಿ ಮಾಡಿದೆ. ನಮ್ಮ ಟ್ಯಾಂಕಿನಲ್ಲಿ ಗೋಪುರವನ್ನ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕಳಚಿ ಮೇಲೆ ಬರುತ್ತದೆ. ಎಲ್ಲ ಕಂಪನಿಯದ್ದೂ ಹೀಗೇ ಇರಲ್ಲ, ಬಲ ಹಾಕಿ ತಿರುಗಿಸಬೇಡಿ, ಪ್ಲಾಸ್ಟಿಕ್ಕು. ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಇದು ನಾನು ಕೊಡಬಹುದಾದ ಅತಿ ದೊಡ್ಡ ಸಲಹೆ. ಬಿಚ್ಚಿದ್ದು ಜೋಡಿಸುವ ಹೊತ್ತಿಗೆ ಯಾವುದು ಮುಂದೆ ಯಾವುದು ಹಿಂದೆ ಅಂತ ಯಾರಿಗೂ ನೆನಪಿರಲ್ಲ.

ವಾಷರ್ ಗಟ್ಟಿಯಾಗಿತ್ತು, ಒಂದು ಕಡೆ ಅಲೆ ಅಲೆಯಾಗಿ ಸೊಟ್ಟಗಾಗಿತ್ತು. ಅದು ಕೂರುವ ಅಂಚಿನಲ್ಲಿ ಬಿಳಿ ಕಿಟ್ಟ, ನೀರು ಕಾಯಿಸುವ ಕೆಟಲ್ ಒಳಗೆ ಕಟ್ಟುತ್ತಲ್ಲ, ಅದೇ. ಬೋರ್‌ವೆಲ್ ನೀರಿನ ಸುಣ್ಣ. ಎರಡೂ ಸೇರಿ ಕೂದಲೆಳೆಯಷ್ಟು ಸಂದಿ. ಅಷ್ಟೇ. ಇನ್ನೊಂದು ಸಂಗತಿ ಗೊತ್ತಾಯಿತು. ಟ್ಯಾಂಕ್ ಒಳಗೆ ಹಾಕಿಡುವ ಬ್ಲೀಚಿನ ಮಾತ್ರೆ ಬರುತ್ತಲ್ಲ, ಕಮೋಡ್ ತಾನೇ ಬೆಳ್ಳಗಾಗುತ್ತೆ ಅಂತ, ಅದರ ಕ್ಲೋರಿನ್ ಈ ರಬ್ಬರನ್ನ ತಿಂದು ಹಾಕುತ್ತದೆ. ಹೋದ ವರ್ಷ ಡಜನ್‌ಗಟ್ಟಲೆ ತಂದು ಹಾಕಿದ್ದವಳು ನಾನೇ.

ಹಾರ್ಡ್‌ವೇರ್ ಅಂಗಡಿಗೆ ಹೋದೆ. ಫೋಟೋ ತೋರಿಸಿ ವಾಷರ್ ಕೇಳಿದೆ.

‘ಯಾವ ಸೈಜ್ ಮೇಡಂ? ಮನೇಲಿ ಸರ್ ಇದ್ರೆ ಫೋನ್ ಹಚ್ಚಿ ಕೊಡಿ, ನಾನು ಮಾತಾಡ್ತೀನಿ.’

‘ಮನೇಲಿ ಸರ್ ಇಲ್ಲ. ಟ್ಯಾಂಕ್ ಇದೆ.’

ಅಂಗಡಿಯವರು ನಕ್ಕರು. ಆದರೆ ಸೈಜಿನ ಪ್ರಶ್ನೆ ಸರಿಯಾಗೇ ಇತ್ತು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಾಜಿನಲ್ಲಿ ಒಂದು ತಂದೆ, ಕೂರಲಿಲ್ಲ. ಎರಡನೇ ಸಲ ಹಳೇ ವಾಷರನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ ಕೌಂಟರ್ ಮೇಲೆ ಇಟ್ಟೆ. ಅವರು ಬೆರಳಲ್ಲಿ ಒತ್ತಿ ನೋಡಿ, ‘ಪೂರ್ತಿ ಸೆಟ್ ಹಾಕ್ಬಿಡಿ ಮೇಡಂ, 550’ ಅಂದರು. ಕೆಲವು ಸಲ ಅದೇ ಸರಿ, ಗೋಪುರವೇ ಬಿರುಕು ಬಿಟ್ಟಿದ್ದರೆ ಬರೀ ವಾಷರ್ ಹಾಕಿ ಉಪಯೋಗವಿಲ್ಲ. ನಮ್ಮದು ಬಿರುಕಿರಲಿಲ್ಲ, ನೋಡಿದ್ದೆ. ಹಾಗೇ ಹೇಳಿದೆ. ಅವರು ಮತ್ತೆ ‘ಸರ್’ ವಿಷಯ ಎತ್ತದೆ ಒಳಗಿನ ಡಬ್ಬಿಯಿಂದ ಹುಡುಕಿ ಕೊಟ್ಟರು. ನಲವತ್ತು ರೂಪಾಯಿ. ಎರಡು ತಂದೆ.

ಕಿಟ್ಟ ತೆಗೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಸ್ಟೀಲ್ ಜುಂಗಿನಲ್ಲಿ ಉಜ್ಜಿದರೆ ಗೀರು ಬಿದ್ದು ಅಲ್ಲಿಂದಲೇ ಮತ್ತೆ ಸೋರುತ್ತದೆ. ನಿಂಬೆ ಉಪ್ಪನ್ನ ಬಿಸಿನೀರಲ್ಲಿ ಕರಗಿಸಿ, ಬಟ್ಟೆ ಅದ್ದಿ, ಆ ಅಂಚಿನ ಮೇಲೆ ಅರ್ಧ ಗಂಟೆ ಹಾಕಿಟ್ಟೆ. ಆಮೇಲೆ ಹಳೇ ಟೂತ್‌ಬ್ರಶ್. ಮೆತ್ತಗೆ ಕಳಚಿಕೊಂಡು ಬಂತು. ಒಂದು ಎಚ್ಚರಿಕೆ: ನಿಂಬೆ ಉಪ್ಪಾಗಲಿ, ವಿನಿಗರ್ ಆಗಲಿ, ಬಾತ್‌ರೂಮ್ ಆಸಿಡ್ ಆಗಲಿ, ಬ್ಲೀಚಿನ ಜೊತೆ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಕಿಟಕಿ ಇಲ್ಲದ ನಮ್ಮ ಬಾತ್‌ರೂಮುಗಳಲ್ಲಂತೂ ಬೇಡವೇ ಬೇಡ. ಆ ಬ್ಲೀಚ್ ಮಾತ್ರೆ ಟ್ಯಾಂಕಿನಲ್ಲಿ ಉಳಿದಿದ್ದರೆ ಅದನ್ನ ತೆಗೆದು, ಎರಡು ಮೂರು ಸಲ ಫ್ಲಶ್ ಮಾಡಿ, ಆಮೇಲೆ ಕೈ ಹಾಕಿ.

ಹೊಸ ವಾಷರ್ ತೊಡಿಸಿ, ಗೋಪುರ ಕೂರಿಸಿ, ಫೋಟೋ ನೋಡಿಕೊಂಡು ಬಲಕ್ಕೆ ತಿರುಗಿಸಿ ಕೂರಿಸಿದೆ. ನಲ್ಲಿ ಬಿಟ್ಟೆ. ತುಂಬಿತು. ನಿಲ್ಲಲಿಲ್ಲ! ಈ ಸಲ ನಿಜವಾಗಿಯೂ ನಿಲ್ಲಲಿಲ್ಲ, ಕೊಳವೆಯ ಬಾಯಿಗೆ ಬಂದು ಒಳಗೆ ಸುರಿಯತೊಡಗಿತು. ಒಂದು ಬಗ್ ಸರಿ ಮಾಡಲು ಹೋಗಿ ಇನ್ನೊಂದು ಹುಟ್ಟಿಸುವುದು ನನ್ನ ವೃತ್ತಿಧರ್ಮ. ನೋಡಿದರೆ ಗೋಪುರ ಎತ್ತುವಾಗ ನನ್ನ ಕೈ ತಾಗಿ ಫ್ಲೋಟ್ ಮೇಲಕ್ಕೆ ಸರಿದಿತ್ತು. ಅದರ ಪಕ್ಕದ ಕ್ಲಿಪ್ ಒತ್ತಿ ಕೆಳಗೆ ಇಳಿಸಿದೆ. ನೀರು ಕೊಳವೆಯ ಬಾಯಿಗಿಂತ ಒಂದು ಇಂಚು ಕೆಳಗೆ ನಿಂತರೆ ಸರಿ. ನಿಂತಿತು.

ಮತ್ತೆ ಕೇಸರಿ ಬಣ್ಣ. ಮತ್ತೆ ಇಪ್ಪತ್ತು ನಿಮಿಷ. ಅಮ್ಮ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತಳು. ಇಬ್ಬರೂ ಕಮೋಡನ್ನ ನೋಡುತ್ತಾ ಕಾಫಿ ಕುಡಿದೆವು. ಬೆಳ್ಳಗೇ ಇತ್ತು.

ಓನರ್ ಅಂಕಲ್‌ಗೆ ಫೋನ್ ಮಾಡಿ, ಪ್ಲಂಬರಿನ 850 ಬಾಡಿಗೆಯಲ್ಲಿ ಮುರಿದುಕೊಳ್ಳಲಾ ಅಂತ ಕೇಳಿದೆ. ‘ನೋಡೋಣಮ್ಮ’ ಅಂದಿದ್ದಾರೆ. ಬಾಡಿಗೆ ಮನೆಯಲ್ಲಿ ಇರುವವರಿಗೆ ‘ನೋಡೋಣಮ್ಮ’ ಅಂದರೆ ಏನು ಅಂತ ಗೊತ್ತೇ ಇರುತ್ತದೆ. ವಾಷರಿನ ನಲವತ್ತು ನಾನು ಕೇಳಲಿಲ್ಲ.

ಅಸೋಸಿಯೇಷನ್ ಗ್ರೂಪಿನಲ್ಲಿ ನನ್ನ 5,832 ಲೀಟರಿನ ಲೆಕ್ಕ ಹಾಕಿದೆ. ನಮ್ಮದು 64 ಮನೆ, ಪ್ರತಿ ಮನೆಗೂ ಎರಡೆರಡು ಬಾತ್‌ರೂಮ್. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತಲ್ಲ, ಆಗ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ನಮ್ಮ ಗೇಟಲ್ಲೂ ನೋಟಿಸ್ ಅಂಟಿಸಿ, ಯಾರು ಕಾರು ತೊಳೆಯುತ್ತಾರೆ ಅಂತ ಕಾಯಲು ಸೆಕ್ಯೂರಿಟಿಯವರನ್ನ ನಿಲ್ಲಿಸಿದ್ದರು. ಕಾರು ತೊಳೆಯುವುದು ಕಣ್ಣಿಗೆ ಕಾಣುತ್ತದೆ. ಇದು ಕಾಣಲ್ಲ. ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ಬೆಟ್ಟ ಹತ್ತಿಸಿ ತಂದ ಕಾವೇರಿ ನೀರು ಬರುವ ಮನೆಗಳಲ್ಲೂ ಇದೇ ವಾಷರ್ ಇದೆ. ನನ್ನ ಮೆಸೇಜಿಗೆ ಹನ್ನೊಂದು ಥಂಬ್ಸ್ ಅಪ್ ಬಂತು. ಅದರ ಕೆಳಗೇ ಯಾರೋ ಪಾರ್ಕಿಂಗ್ ಜಗಳ ಶುರು ಮಾಡಿದರು, ಮುಗಿಯಿತು.

ಅಮ್ಮನ ವಿಷಯ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅವತ್ತು ರಾತ್ರಿ ಕೇಳಿದೆ, ‘ಬಿಲ್ ಬಗ್ಗೆ ನಾನು ಅಂದದ್ದು ಬೇಜಾರಾಯ್ತಾ?’

‘ಇಲ್ಲಪ್ಪ.’

‘ಮತ್ತೆ ಸ್ನಾನ ಯಾಕೆ ಬಿಟ್ಟೆ?’

ಉತ್ತರ ಇಲ್ಲ. ಬೆಡ್‌ಶೀಟಿನ ಮಡಿಕೆ ಸರಿ ಮಾಡಿದಳು. ಆಮೇಲೆ, ‘ಮಗಳ ಮನೇಲಿ ಇರಾದು ಅಂದ್ರೆ ಸುಮ್ನೆ ಅಲ್ಲ ಕಣೆ. ನಿಮ್ಮಪ್ಪನ ಮನೇಲಾದ್ರೆ ನಾನೇ ಲೆಕ್ಕ ಕೇಳಾಳು’ ಅಂದಳು.

ನನಗೆ ತಟ್ಟನೆ ಏನೂ ಹೇಳಲು ತೋಚಲಿಲ್ಲ. ಫೋನ್ ತೆಗೆದು ಅಸೋಸಿಯೇಷನ್ನಿನ ಆ್ಯಪ್ ತೋರಿಸಿದೆ. ದಿನದ ಮೀಟರ್ ಓದು ಅದರಲ್ಲಿ ಬರುತ್ತದೆ, ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ಅದನ್ನ ಅವಳ ಫೋನಿಗೇ ಹಾಕಿಕೊಟ್ಟೆ. ಈಗ ಬೆಳಿಗ್ಗೆ ಕಾಫಿ ಜೊತೆ ನನಗೆ ವರದಿ ಸಿಗುತ್ತದೆ. ‘ನಿನ್ನೆ 231. ನಂದು ಎಪ್ಪತ್ತೇ. ಮಿಕ್ಕಿದ್ದು ಯಾರ್ದು?’ ಎಪ್ಪತ್ತು ಅಂತ ಅವಳಿಗೆ ಹೇಗೆ ಗೊತ್ತು ಅಂತ ಕೇಳುವ ಧೈರ್ಯ ನನಗಿಲ್ಲ. ಶವರಿನಲ್ಲಿ ಮೀಟಿಂಗ್ ಬಂದ್ ಆಗಿದೆ. ದಿನಾ ಸ್ನಾನ ಮತ್ತೆ ಶುರುವಾಗಿದೆ. ಶಿವರಾತ್ರಿಗೆ ಊರಿಗೆ ಹೋಗುವ ಮಾತು ಯುಗಾದಿಗೆ ಮುಂದೆ ಹೋಗಿದೆ, ಅಲ್ಲಿನ ಕಮೋಡ್ ಕೆಲಸವೂ ಗಾರೆಯವರು ಸಿಗದೆ ಮುಂದೆ ಹೋಗಿದೆ.

ಮೊನ್ನೆ ಲಿಫ್ಟಲ್ಲಿ ಐದನೇ ಮಹಡಿಯ ಆಂಟಿ ಸಿಕ್ಕಿದರು. ‘ನಿಮ್ಮಮ್ಮ ಹೇಳಿದ್ರು, ನೀನು ಫ್ಲಶ್ ಟ್ಯಾಂಕ್ ಸರಿ ಮಾಡ್ತೀಯಂತೆ. ನಮ್ಮನೇದು ಆರು ತಿಂಗಳಿಂದ ಸುಯ್ಯ್ ಅಂತಾನೇ ಇದೆ ಕಣಮ್ಮ. ಭಾನುವಾರ ಬಾ, ಅಕ್ಕಿರೊಟ್ಟಿ ಮಾಡ್ತೀನಿ’ ಅಂದರು. ಬಿ.ಇ. ಮಾಡಿದ್ದಕ್ಕೆ ನೆಂಟರಿಷ್ಟರಲ್ಲಿ ಇಲ್ಲಿತನಕ ಸಿಕ್ಕಿದ್ದು ಪ್ರಿಂಟರ್ ರಿಪೇರಿ ಮಾತ್ರ. ಇದು ಬಡ್ತಿ.

ಇವತ್ತು ಭಾನುವಾರ. ಇದನ್ನ ಬರೆದು ಮುಗಿಸುವಷ್ಟರಲ್ಲಿ ಅಮ್ಮ ಬಾಗಿಲ ಹತ್ತಿರ ಎಲ್ಲ ಜೋಡಿಸಿಟ್ಟಿದ್ದಾಳೆ. ಹಳೇ ಟೂತ್‌ಬ್ರಶ್, ನಿಂಬೆ ಉಪ್ಪಿನ ಪೊಟ್ಟಣ, ಉಳಿದ ಒಂದು ವಾಷರ್. ಅದರ ಮೇಲೆ, ಅಡುಗೆ ಮನೆಯಿಂದ ಗಡೀಪಾರಾದ ಕೇಸರಿ ಬಣ್ಣದ ಡಬ್ಬಿ.